ಕೊಟ್ಟ ಹಣಕ್ಕೆ ಲೆಕ್ಕ

ಬಾದಾಮಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ಸರ್ಕಾರ ಹಣ ಕೊಟ್ಟಿತು ಎಂದುಕೊಳ್ಳೋಣ. ಹಣ ಖರ್ಚಾಯಿತು; ಉಪಕರಣ ಬರಲಿಲ್ಲ. ಹೆಡ್ಮಾಸ್ತರರನ್ನು ಕೇಳಲು ಮೇಲಧಿಕಾರಿ ಇದ್ದಾರೆ, ಅವರನ್ನು ಕೇಳಲು ಅವರಿಗಿಂತ ಮೇಲಿನವರಿದ್ದಾರೆ. ಇಲಾಖೆಯ ತುದಿಯಲ್ಲಿ ಕುಳಿತ ಕಾರ್ಯದರ್ಶಿಯನ್ನು ಕೇಳುವವರು ಯಾರು?

ವಿಧಾನಮಂಡಲ. ಅದರ ಒಪ್ಪಿಗೆಯಿಲ್ಲದೆ ರಾಜ್ಯದ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಹಣಕ್ಕೆ ಒಪ್ಪಿಗೆ ಕೊಟ್ಟವರು ಅದರ ಲೆಕ್ಕ ಕೇಳುವುದೂ ನ್ಯಾಯವೇ. ಸದನಕ್ಕೂ ಅದರ ಸಮಿತಿಗಳಿಗೂ ಇರುವ ಅಧಿಕಾರ, ಹಕ್ಕುಬಾಧ್ಯತೆಗಳು ಸಂವಿಧಾನದ 194ನೇ ವಿಧಿಯಲ್ಲಿವೆ.

ಕೇಳುವ ಕ್ರಮ ಹೀಗಿದೆ. ಸಿಎಜಿ ಎಂದು ಹೆಸರಾದ ಮಹಾಲೆಕ್ಕ ಪರಿಶೋಧಕರು ಕಡತಗಳನ್ನು ಪರೀಕ್ಷಿಸಿ ವರದಿ ಬರೆಯುತ್ತಾರೆ. 151ನೇ ವಿಧಿಯಂತೆ ಅದು ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತದೆ. ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ. ಸಮಿತಿ ಇಲಾಖೆಯ ಅಧಿಕಾರಿಗಳನ್ನು ಕರೆಸಿ, ದಾಖಲೆ ತರಿಸಿ, ಪ್ರಶ್ನೆ ಹಾಕುತ್ತದೆ. ಅಲ್ಲಿ ಕಾರ್ಯದರ್ಶಿ ಉತ್ತರ ಹೇಳುವುದು ಒಬ್ಬ ಶಾಸಕರಿಗಲ್ಲ, ಇಡೀ ಸದನಕ್ಕೆ.

ಸಮಿತಿಗಳು ನಡೆಯುವುದು ಸಭಾಧ್ಯಕ್ಷರ ನಿರ್ದೇಶನದಲ್ಲಿ. 1956ರಲ್ಲಿ ಕನ್ನಡ ನಾಡು ಒಂದಾದಾಗ ಆ ಪೀಠ ಏರಿದವರು ಎಸ್.ಆರ್. ಕಂಠಿ. ಅವರು ಹುನಗುಂದ ಕ್ಷೇತ್ರವನ್ನು ಪ್ರತಿನಿಧಿಸಿದವರು. 1962ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯೂ ಆಗಿದ್ದರು.

ಸಮಿತಿಯ ಕೈ ಎಷ್ಟು ಉದ್ದ? 2006-07ರಲ್ಲಿ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ಸುತ್ತಲಿನ ಸರ್ಕಾರಿ ಭೂಮಿಯ ಒತ್ತುವರಿಯನ್ನು ಬಯಲಿಗೆ ತಂದಿತು. ಆದರೆ ಸಮಿತಿ ಶಿಫಾರಸು ಮಾಡಬಹುದೇ ಹೊರತು ತಾನೇ ಜಾರಿ ಮಾಡುವಂತಿಲ್ಲ. ಜಾರಿ ಸರ್ಕಾರದ ಕೆಲಸ. ಕರೆಸುವುದಕ್ಕೂ ಎಲ್ಲೆ ಉಂಟು. ದೆಹಲಿ ವಿಧಾನಸಭೆಯ ಸಮಿತಿ ಫೇಸ್‌ಬುಕ್ ಅಧಿಕಾರಿಯನ್ನು ಕರೆಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು: ಸಮಿತಿ ಹೊರಗಿನವರನ್ನೂ ಕರೆಸಬಹುದು, ಆದರೆ ಆ ಸದನದ ವ್ಯಾಪ್ತಿಗೆ ಸೇರದ ವಿಷಯಗಳ ಬಗ್ಗೆ ಉತ್ತರಿಸಲು ಅವರು ನಿರಾಕರಿಸಬಹುದು.

ಲೆಕ್ಕದ ಬೆಲೆ ಬಾಗಲಕೋಟೆಯವರಿಗೆ ಹೇಳಿಕೊಡಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಿ ನವನಗರ ಎದ್ದಿತು. ಕೃಷ್ಣಾ ನ್ಯಾಯಮಂಡಳಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಒಪ್ಪಿತು. ಮಟ್ಟ ಏರಿದರೆ ಮತ್ತಷ್ಟು ಹೊಲ, ಮನೆ ಮುಳುಗುತ್ತವೆ. ಮನೆ ಕಳೆದುಕೊಂಡವರಿಗೆ ಪರಿಹಾರದ ಪ್ರತಿ ರೂಪಾಯಿಯೂ ಮುಖ್ಯ.

ವಿದ್ಯಾರ್ಥಿಗಳೂ ಪಾಲಕರೂ ಗಮನಿಸಬೇಕಾದ ಮಾತು ಒಂದಿದೆ. ಬೆಂಗಳೂರಿನ ಸಮಿತಿ ನೋಡುವುದು ಕಾಗದವನ್ನು. ಆ ಕಾಗದ ಹುಟ್ಟುವುದು ಊರಲ್ಲಿ. ಇಳಕಲ್ಲಿನ ಶಾಲೆಗೆ ಹತ್ತು ಸೂಕ್ಷ್ಮದರ್ಶಕ ಬಂದವೆಂದು ಸ್ಟಾಕ್ ಪುಸ್ತಕದಲ್ಲಿ ಬರೆದು, ಮೇಜಿನ ಮೇಲೆ ನಾಲ್ಕೇ ಇದ್ದರೆ ಅದನ್ನು ಮೊದಲು ಕಾಣಬಲ್ಲವರು ಅಲ್ಲಿನ ಮಕ್ಕಳು, ಎಸ್‌ಡಿಎಂಸಿಯಲ್ಲಿರುವ ಪಾಲಕರು. ಅವರು ಎಣಿಸಿ, ವ್ಯತ್ಯಾಸವನ್ನು ಬರಹದಲ್ಲಿ ಕೊಟ್ಟು, ಅದಕ್ಕೆ ಸ್ವೀಕೃತಿ ಪಡೆಯಲಿ. ಕೆಳಗೆ ಎಣಿಸುವವರೇ ಇಲ್ಲದಿದ್ದರೆ ಮೇಲೆ ಕೇಳುವವರ ಕೈಯಲ್ಲಿ ಏನು ಉಳಿದೀತು?