ಶಾಲೆಯ ಎರಡನೇ ಬಾಗಿಲು: ಪ್ರವೇಶ ಪ್ರಕ್ರಿಯೆ ಮತ್ತು ವಿದ್ಯಾರ್ಥಿ ಸಂಘಗಳು

ಕ್ರಿಸ್ಮಸ್ ರಜೆ ಮುಗಿಯುತ್ತಿದ್ದಂತೆ ಕರಾವಳಿಯ ನಮ್ಮ ಶಾಲಾ ಕಚೇರಿಗಳಲ್ಲಿ ಮುಂದಿನ ವರ್ಷದ ಪ್ರವೇಶದ ಮಾತು ಶುರುವಾಗುತ್ತದೆ. ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ದೀಕ್ಷಾಸ್ನಾನದ ಪತ್ರಗಳನ್ನು ಹಿಡಿದುಕೊಂಡು ಹೆತ್ತವರು ಸಾಲು ನಿಲ್ಲುತ್ತಾರೆ. ಕೆಲವರು ಮೊದಲು ಚರ್ಚಿಗೆ ಬಂದು ಧರ್ಮಗುರುಗಳಿಂದ ಒಂದು ಶಿಫಾರಸು ಪತ್ರ ಬರೆಸಿಕೊಳ್ಳುತ್ತಾರೆ. ಸೀಟು ಸಿಕ್ಕಿದರೆ ಹರಕೆ ಸಂದಂತೆ ನಿಟ್ಟುಸಿರು ಬಿಡುತ್ತಾರೆ. ಸಿಗದಿದ್ದರೆ ಆ ಬೇಸರ ವಾಳೆಯ ಕೂಟದಲ್ಲಿ, ಪಾಲನಾ ಮಂಡಳಿಯ ಸಭೆಯಲ್ಲಿ ವರ್ಷವಿಡೀ ಕೇಳಿಬರುತ್ತದೆ. "ನಮ್ಮದೇ ಚರ್ಚಿನ ಶಾಲೆ, ನಮ್ಮ ಮಗುವಿಗೇ ಜಾಗವಿಲ್ಲವೇ?"

ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಷ್ಟಕ್ಕೇ ನಿಂತರೆ ಅದು ಅರ್ಧ ಪ್ರಶ್ನೆಯಾಗುತ್ತದೆ. ಶಾಲೆಗೆ ಎರಡು ಬಾಗಿಲುಗಳಿವೆ. ಮೊದಲನೆಯದು ಪ್ರವೇಶದ ಬಾಗಿಲು. ಅದರ ಬಗ್ಗೆ ಕಾಯಿದೆಗಳಿವೆ, ತೀರ್ಪುಗಳಿವೆ, ಜಗಳಗಳೂ ಇವೆ. ಎರಡನೆಯದು ಒಳಗಿನ ಬಾಗಿಲು. ಸ್ಕೌಟ್ಸ್, ವೈ.ಸಿ.ಎಸ್., ವಿಜ್ಞಾನ ಸಂಘ, ಸಾಹಿತ್ಯ ಸಂಘ, ಇಕೋ ಕ್ಲಬ್, ಬ್ಯಾಂಡ್ ತಂಡ ಇವೆಲ್ಲ ಅದರ ಆಚೆಗಿವೆ. ಈ ಬಾಗಿಲ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ಆದರೆ ಪ್ರವೇಶ ಪಡೆದ ಮಗು ಆ ಶಾಲೆಯದ್ದಾಗುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ.

ಮೊದಲ ಬಾಗಿಲು: ಕಾನೂನು ಎಲ್ಲಿ ನಿಂತಿದೆ?

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಎಪ್ರಿಲ್ 1ರಂದು ಜಾರಿಗೆ ಬಂತು. ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸ್ಥಾನಗಳನ್ನು ದುರ್ಬಲ ಹಾಗೂ ಅವಕಾಶವಂಚಿತ ವರ್ಗಗಳ ನೆರೆಹೊರೆಯ ಮಕ್ಕಳಿಗೆ ಕೊಡಬೇಕೆಂದು ಅದರ 12ನೇ ಸೆಕ್ಷನ್ ಹೇಳುತ್ತದೆ. 13ನೇ ಸೆಕ್ಷನ್ ಕ್ಯಾಪಿಟೇಶನ್ ಶುಲ್ಕವನ್ನೂ, ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಸೋಸುವುದನ್ನೂ ನಿಷೇಧಿಸಿದೆ. ಹೀಗೆ ಸೋಸಿದ ಶಾಲೆಗೆ ಮೊದಲ ತಪ್ಪಿಗೆ 25,000 ರೂಪಾಯಿ, ನಂತರದ ಪ್ರತಿಯೊಂದಕ್ಕೆ 50,000 ರೂಪಾಯಿವರೆಗೆ ದಂಡವಿದೆ. ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಿ. ಅಪ್ಪ ಅಮ್ಮನ ಇಂಗ್ಲಿಷ್ ಕೇಳಿ ಆರಿಸಬೇಡಿ ಎಂಬುದೇ ಇದರ ತಾತ್ಪರ್ಯ.

ಆದರೆ ಅಲ್ಪಸಂಖ್ಯಾತರ ಶಾಲೆಗಳ ವಿಷಯ ಬೇರೆ ದಾರಿ ಹಿಡಿಯಿತು. ಸಂವಿಧಾನದ 30ನೇ ವಿಧಿಯು ಧಾರ್ಮಿಕ ಹಾಗೂ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡಿದೆ. ಇದರ ಆಧಾರದಲ್ಲಿ ಸುಪ್ರೀಂ ಕೋರ್ಟ್ 2012ರ ಎಪ್ರಿಲ್‌ನಲ್ಲಿ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನೂ, 2014ರ ಮೇ 6ರ ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳನ್ನೂ ಈ ಕಾಯಿದೆಯಿಂದ ಹೊರಗಿಟ್ಟಿತು. ಆದರೂ ಸರಕಾರದ ಅನುದಾನ ಪಡೆಯುವ ಶಾಲೆಯು ಧರ್ಮ, ಜಾತಿ, ಭಾಷೆಯ ಕಾರಣಕ್ಕಾಗಿಯೇ ಯಾರಿಗೂ ಪ್ರವೇಶ ನಿರಾಕರಿಸಬಾರದೆಂದು 29ನೇ ವಿಧಿ ಹೇಳುತ್ತದೆ ಎಂಬುದನ್ನು ಮರೆಯಬಾರದು.

ಕರ್ನಾಟಕದಲ್ಲಿ 2019ರಲ್ಲಿ ಇನ್ನೊಂದು ತಿರುವು ಬಂತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆಗಳಲ್ಲಿ 25 ಶೇಕಡಾ ಕೋಟಾದ ಪ್ರವೇಶ ಇಲ್ಲವೆಂದು ರಾಜ್ಯ ಸರಕಾರ ನಿಯಮ ತಿದ್ದಿತು. ಹೀಗಾಗಿ ಬಡ ಮಗುವಿಗೆ ಖಾಸಗಿ ಶಾಲೆಯ ಬಾಗಿಲು ಮತ್ತಷ್ಟು ಕಿರಿದಾಯಿತು.

ಪ್ರಮತಿ ತೀರ್ಪು ಕೂಡ ಈಗ ಪ್ರಶ್ನೆಗೊಳಗಾಗಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಕರಣದಲ್ಲಿ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು, ಅಲ್ಪಸಂಖ್ಯಾತ ಶಾಲೆಗಳಿಗೆ ನೀಡಿದ ಸಂಪೂರ್ಣ ವಿನಾಯಿತಿ ಸರಿಯೇ ಎಂಬ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸುವ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ವಿನಾಯಿತಿ ಯಾತಕ್ಕಾಗಿ?

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2021ರಲ್ಲಿ ಅಲ್ಪಸಂಖ್ಯಾತ ಶಾಲೆಗಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರ ಪ್ರಕಾರ ಕ್ರೈಸ್ತ ಶಾಲೆಗಳಲ್ಲಿ ಓದುವವರಲ್ಲಿ ಸುಮಾರು 74 ಶೇಕಡಾ ಮಕ್ಕಳು ಇತರ ಸಮುದಾಯದವರು. ಒಟ್ಟು ಅಲ್ಪಸಂಖ್ಯಾತ ಶಾಲೆಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ಮಕ್ಕಳು 8.76 ಶೇಕಡಾ ಮಾತ್ರ. ವರದಿಯ ಉದ್ದೇಶದ ಬಗ್ಗೆ, ಲೆಕ್ಕದ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಬಹುದು. ಮೊದಲ ಅಂಕಿಯ ಬಗ್ಗೆ ನಾವು ಹೆಮ್ಮೆಪಡಬಹುದು. ನಮ್ಮ ಶಾಲೆಗಳು ಎಲ್ಲರಿಗೂ ತೆರೆದಿವೆ ಎಂಬುದಕ್ಕೆ ಅದು ಸಾಕ್ಷಿ. ಎರಡನೆಯ ಅಂಕಿ ಮಾತ್ರ ನಮ್ಮನ್ನು ಸುಮ್ಮನೆ ಕೂರಲು ಬಿಡಬಾರದು. ಎಲ್ಲ ಧರ್ಮದವರಿಗೂ ತೆರೆದ ಬಾಗಿಲು ಎಲ್ಲ ಧರ್ಮದ ಅನುಕೂಲಸ್ಥರಿಗೆ ಮಾತ್ರ ತೆರೆದಿದ್ದರೆ ಅದನ್ನು ತೆರೆದ ಬಾಗಿಲು ಎನ್ನಲಾದೀತೇ?

1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣದ ಕುರಿತಾದ ಘೋಷಣೆಯು ಬಡವರ, ಕುಟುಂಬದ ಆಸರೆ ಇಲ್ಲದವರ, ವಿಶ್ವಾಸದಿಂದ ದೂರವಿರುವವರ ಅಗತ್ಯಗಳನ್ನು ಕಥೋಲಿಕ ಶಾಲೆಗಳು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಂಡಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ 2007ರ ಶಿಕ್ಷಣ ನೀತಿಯೂ ಅಂಚಿನಲ್ಲಿರುವವರಿಗೆ ಆದ್ಯತೆ ಕೊಡಬೇಕೆಂದೇ ಹೇಳುತ್ತದೆ. ಕಾಯಿದೆ ಬಿಟ್ಟುಕೊಟ್ಟ ಜಾಗದಲ್ಲಿ ಈ ಮಾತುಗಳೇ ನಮ್ಮ ಕಾಯಿದೆಯಾಗಬೇಕು. ವಿನಾಯಿತಿ ಎಂಬುದು ಹೊಣೆಯಿಂದ ಬಿಡುಗಡೆಯಲ್ಲ; ಹೊಣೆಯನ್ನು ಯಾರ ಒತ್ತಾಯವೂ ಇಲ್ಲದೆ ಹೊರುವ ಅವಕಾಶ. ವಿಸ್ತೃತ ಪೀಠ ಮುಂದೆ ಏನೇ ಹೇಳಲಿ, ಅದಕ್ಕಾಗಿ ಕಾಯಬೇಕಾದ ಅಗತ್ಯ ನಮಗಿಲ್ಲ.

ಎರಡನೇ ಬಾಗಿಲು

ಈಗ ಒಳಗಿನ ಬಾಗಿಲಿಗೆ ಬರೋಣ. ಶುಲ್ಕ ರಿಯಾಯಿತಿಯಲ್ಲಿ ಸೇರಿದ ಒಂದು ಮಗುವನ್ನು ಊಹಿಸಿಕೊಳ್ಳಿ. ಅಪ್ಪ ಮೀನುಗಾರಿಕಾ ದೋಣಿಯಲ್ಲಿ ದುಡಿಯುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ಸ್ಕೌಟ್ಸ್ ಸೇರಲು ಬೇರೆ ಸಮವಸ್ತ್ರ, ಸ್ಕಾರ್ಫ್, ಬೆಲ್ಟ್, ಶಿಬಿರದ ಖರ್ಚು ಬೇಕು. ಬ್ಯಾಂಡ್ ತಂಡದ ಅಭ್ಯಾಸ ಶಾಲೆ ಬಿಟ್ಟ ಮೇಲೆ. ಊರಿಗೆ ಹೋಗುವ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಚರ್ಚಾಕೂಟಕ್ಕೆ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತನಾಡುವವರನ್ನು ಆರಿಸುತ್ತಾರೆ. ವಿಜ್ಞಾನ ಸಂಘದ ಮಾದರಿ ತಯಾರಿಸಲು ಥರ್ಮೋಕೋಲ್, ಮೋಟಾರು, ಪ್ರಿಂಟ್‌ಔಟ್ ಎಂದು ನೂರಾರು ರೂಪಾಯಿ ಬೇಕು. ಯಾರೂ ಆ ಮಗುವಿಗೆ "ನೀನು ಬರಬೇಡ" ಎನ್ನುವುದಿಲ್ಲ. ಮಗುವೇ ಮನೆಯ ಸ್ಥಿತಿ ನೋಡಿ ಕೈ ಎತ್ತುವುದಿಲ್ಲ. ಶಿಕ್ಷಕರು "ಆಸಕ್ತಿ ಇಲ್ಲ" ಎಂದುಕೊಳ್ಳುತ್ತಾರೆ.

ಹೀಗೆ ಪ್ರವೇಶದಲ್ಲಿ ನಡೆಯದ ಸೋಸುವಿಕೆ ಸಂಘಗಳಲ್ಲಿ ನಡೆದುಹೋಗುತ್ತದೆ. ಅದಕ್ಕೆ ದಂಡವಿಲ್ಲ, ಏಕೆಂದರೆ ಅದನ್ನು ಮಾಡಿದವರು ಯಾರೆಂದು ಹೇಳಲಾಗುವುದಿಲ್ಲ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸಂಘಗಳ ಪ್ರಮಾಣಪತ್ರ ಮುಂದಿನ ಪ್ರವೇಶಗಳಿಗೆ ಕೀಲಿಕೈಯಾಗುತ್ತದೆ. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಸಿ.ಇ.ಟಿ. ಸೀಟು ಹಂಚಿಕೆಯಲ್ಲಿ ಎನ್.ಸಿ.ಸಿ., ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಸಾಧಕರಿಗೆ ವಿಶೇಷ ಪ್ರವರ್ಗಗಳಿವೆ. ಎನ್.ಸಿ.ಸಿ.ಯ 'ಸಿ' ಪ್ರಮಾಣಪತ್ರ ಪಡೆದ ಪದವೀಧರರಿಗೆ ಲಿಖಿತ ಪರೀಕ್ಷೆಯಿಲ್ಲದೆಯೇ ಭೂಸೇನೆಯ ಅಧಿಕಾರಿ ಹುದ್ದೆಯ ಆಯ್ಕೆ ಸಂದರ್ಶನಕ್ಕೆ ಹೋಗುವ ದಾರಿಯೊಂದಿದೆ. ಎಂಟನೇ ತರಗತಿಯಲ್ಲಿ ಸಮವಸ್ತ್ರಕ್ಕೆ ಹಣವಿಲ್ಲದೆ ಹಿಂದುಳಿದವನು ಹನ್ನೆರಡನೇ ತರಗತಿಯಲ್ಲಿ ಸೀಟಿನಲ್ಲೂ ಹಿಂದುಳಿಯುತ್ತಾನೆ.

ಸಂಘಗಳೇ ಪ್ರವೇಶದ ಜರಡಿಯಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಈಗಾಗಲೇ ತೋರಿಸಿದೆ. 1920ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆ ಗೆದ್ದು ಬರುವ ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆ ಏರಿದಾಗ, ಅಂಕದ ಜೊತೆಗೆ ಗುಣನಡತೆ, ವ್ಯಕ್ತಿತ್ವಗಳನ್ನೂ ಅಳೆಯುವ ಪದ್ಧತಿ ಬಂತು. ಕೇಳಲು ಚಂದದ ಮಾತು. ಕೆಲಸ ಮಾತ್ರ ಬೇಡದವರನ್ನು ಹೊರಗಿಡುವುದು. 2019ರಲ್ಲಿ ಅಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ, ಆಟವನ್ನೇ ಆಡದ ಶ್ರೀಮಂತರ ಮಕ್ಕಳನ್ನು ಆಟಗಾರರೆಂದು ತೋರಿಸಲು ತರಬೇತುದಾರರಿಗೆ ಲಂಚ ಸಂದಿತ್ತು. ಪ್ರಮಾಣಪತ್ರಕ್ಕೆ ಬೆಲೆ ಬಂದಾಗ ಅದು ಮಾರಾಟಕ್ಕೂ ಬರುತ್ತದೆ.

ಸಂಘಗಳು ಹುಟ್ಟಿದ್ದೇಕೆ?

ನಮ್ಮ ಶಾಲೆಗಳಲ್ಲಿ, ಚರ್ಚುಗಳಲ್ಲಿ ಪರಿಚಿತವಾಗಿರುವ ವೈ.ಸಿ.ಎಸ್. ಸಂಘಟನೆಯ ಬೇರನ್ನು ನೆನೆಯುವುದು ಇಲ್ಲಿ ಉಪಯುಕ್ತ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ 1882ರಲ್ಲಿ ಶ್ರಮಿಕ ಕುಟುಂಬದಲ್ಲಿ ಹುಟ್ಟಿದವರು. ಗುರುಮಠದಿಂದ ರಜೆಯಲ್ಲಿ ಊರಿಗೆ ಬಂದಾಗ, ಕಾರ್ಖಾನೆಗೆ ಸೇರಿದ್ದ ಬಾಲ್ಯದ ಗೆಳೆಯರು ತಮ್ಮನ್ನು ಪರಕೀಯರಂತೆ ಕಂಡದ್ದು ಅವರ ಮನಸ್ಸಿಗೆ ನಾಟಿತು. ಒಬ್ಬನಿಗೆ ಓದು ಸಿಕ್ಕಿತು, ಉಳಿದವರಿಗೆ ದುಡಿಮೆ; ನಡುವೆ ಗೋಡೆ ಎದ್ದಿತ್ತು. ಆ ಗೋಡೆ ಒಡೆಯಲೆಂದೇ ಅವರು ಶ್ರಮಿಕ ಯುವಜನರ ಚಳವಳಿಯನ್ನು ಕಟ್ಟಿದರು. ಅವರ 'ನೋಡು, ತೀರ್ಮಾನಿಸು, ಕಾರ್ಯವೆಸಗು' ಎಂಬ ಕ್ರಮವನ್ನು 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲಿಯೇ ಶಿಫಾರಸು ಮಾಡಿದರು. ವಿದ್ಯಾರ್ಥಿಗಳ ವೈ.ಸಿ.ಎಸ್. ಇದೇ ಕ್ರಮದಲ್ಲಿ ನಡೆಯುತ್ತದೆ.

ಹಿಂದೆ ಬಿದ್ದವರನ್ನು ಜೊತೆಗೆ ಕರೆದೊಯ್ಯಲು ಹುಟ್ಟಿದ ಈ ಪರಂಪರೆ, ಮುಂದಿರುವವರಿಗೆ ಇನ್ನೊಂದು ಪದಕ ತೊಡಿಸುವ ಕೆಲಸಕ್ಕೆ ಸೀಮಿತವಾಗಬಾರದು. ನಮ್ಮ ಮಕ್ಕಳು ಮೊದಲು 'ನೋಡ'ಬೇಕಾದದ್ದು ತಮ್ಮದೇ ತರಗತಿಯನ್ನು: ನಮ್ಮ ಸಂಘದಲ್ಲಿ ಯಾರಿಲ್ಲ? ಏಕೆ ಇಲ್ಲ?

ನಾವೇನು ಮಾಡಬಹುದು?

ಹಣಕ್ಕಿಂತ ಮನಸ್ಸು ಹೆಚ್ಚು ಬೇಡುವ ಕೆಲವು ಹೆಜ್ಜೆಗಳನ್ನು ಸಂಚಾಲಕರ, ಮುಖ್ಯೋಪಾಧ್ಯಾಯರ ಮತ್ತು ಪಾಲನಾ ಮಂಡಳಿಗಳ ಮುಂದೆ ಇಡಬಯಸುತ್ತೇವೆ.

ಮೊದಲನೆಯದಾಗಿ, ಪ್ರವೇಶದ ಮಾನದಂಡ ಸೂಚನಾ ಫಲಕದಲ್ಲಿರಲಿ. ಚರ್ಚಿನ ಮಕ್ಕಳಿಗೆ ಎಷ್ಟು, ಒಡಹುಟ್ಟಿದವರಿಗೆ ಎಷ್ಟು, ಬಡವರಿಗೆ ಎಷ್ಟು, ಉಳಿದದ್ದಕ್ಕೆ ಚೀಟಿ ಎತ್ತುವುದು ಯಾವ ದಿನ ಎಂದು ಮೊದಲೇ ತಿಳಿಸಿದರೆ ಅರ್ಧ ಗುಮಾನಿ ಅಲ್ಲಿಗೇ ಮುಗಿಯುತ್ತದೆ. ಧರ್ಮಗುರುಗಳ ಪತ್ರವೂ ಪ್ರಭಾವದ ಚೀಟಿಯಾಗದೆ, ಕುಟುಂಬದ ನಿಜಸ್ಥಿತಿ ತಿಳಿಸುವ ಪತ್ರವಾಗಲಿ.

ಎರಡನೆಯದಾಗಿ, ಪ್ರತಿ ಮಗುವೂ ಒಂದಾದರೂ ಸಂಘದಲ್ಲಿರಲಿ, ಅದರ ಸಭೆ ವೇಳಾಪಟ್ಟಿಯೊಳಗೇ ನಡೆಯಲಿ. ವಾರಕ್ಕೊಂದು ಅವಧಿ ಸಾಕು. ಬಸ್ಸು ತಪ್ಪುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೂರನೆಯದಾಗಿ, ಸಮವಸ್ತ್ರ, ವಾದ್ಯ, ಶಿಬಿರದ ಖರ್ಚುಗಳಿಗೆ ಶಾಲೆಯಲ್ಲೊಂದು ಸಾಮಾನ್ಯ ನಿಧಿ ಇರಲಿ. ಹಳೆ ವಿದ್ಯಾರ್ಥಿ ಸಂಘ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಗಲ್ಫಿನಲ್ಲಿರುವ ನಮ್ಮ ಬಾಂಧವರು ಇದಕ್ಕೆ ಕೈಜೋಡಿಸಬಲ್ಲರು. ಹತ್ತನೇ ತರಗತಿ ಮುಗಿಸಿದವರ ಸ್ಕೌಟ್ ಸಮವಸ್ತ್ರ ಕಿರಿಯರಿಗೆ ಸಿಗುವಂತಾಗಲಿ. ಯಾರಿಗೆ ಸಹಾಯ ಸಿಕ್ಕಿತೆಂಬುದು ಮಾತ್ರ ಗುಟ್ಟಾಗಿರಲಿ. ಫೋಟೋ ತೆಗೆಸಿ ಮಗುವನ್ನು ನಾಚಿಸುವುದು ಬೇಡ.

ನಾಲ್ಕನೆಯದು ನಮ್ಮ ಕರಾವಳಿಗೇ ವಿಶಿಷ್ಟವಾದದ್ದು. ಹಲವು ಚರ್ಚ್ ಆವರಣಗಳಲ್ಲಿ ಮಕ್ಕಳ ಕೊರತೆ ಎದುರಿಸುತ್ತಿರುವ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೂ, ತುಂಬಿ ತುಳುಕುವ ಆಂಗ್ಲ ಮಾಧ್ಯಮ ಶಾಲೆಯೂ ಅಕ್ಕಪಕ್ಕದಲ್ಲೇ ಇವೆ. ಮೈದಾನ ಒಂದೇ, ಮಕ್ಕಳ ಪ್ರಪಂಚ ಮಾತ್ರ ಎರಡು. ಇವೆರಡರ ಸಂಘಗಳನ್ನು ಒಟ್ಟಾಗಿ ನಡೆಸಲು ಯಾವ ಇಲಾಖೆಯ ಅಪ್ಪಣೆಗಾಗಿ ಕಾಯಬೇಕು? ಒಂದೇ ಇಕೋ ಕ್ಲಬ್ ತೋಟ ಬೆಳೆಸಲಿ, ಒಂದೇ ತಂಡ ನಾಟಕವಾಡಲಿ. ಗಿಡ ನೆಡುವಾಗ, ಕಬಡ್ಡಿ ಆಡುವಾಗ ಮಾಧ್ಯಮ ಯಾವುದೆಂದು ಯಾರೂ ಕೇಳುವುದಿಲ್ಲ.

ಕೊನೆಯದಾಗಿ, ಸಂಘದ ನಾಯಕತ್ವ ಸರದಿಯಲ್ಲಿ ಬರಲಿ. ಅಂಕ ಹೆಚ್ಚು ಬಂದವರೇ ಶಾಲಾ ಮಂತ್ರಿಮಂಡಲದಲ್ಲಿ, ಅವರೇ ಚರ್ಚಾಕೂಟದಲ್ಲಿ, ಅವರೇ ಸ್ವಾಗತ ಭಾಷಣದಲ್ಲಿ ಎಂಬುದು ಶಾಲೆಗೆ ಸುಲಭ, ಮಕ್ಕಳಿಗೆ ನಷ್ಟ. ತಡವರಿಸುತ್ತಾ ಮೊದಲ ಬಾರಿ ಮೈಕ್ ಹಿಡಿದ ಮಗುವೇ ಆ ದಿನ ಹೆಚ್ಚು ಕಲಿತಿರುತ್ತದೆ.

ಹೆತ್ತವರಿಗೂ ಒಂದು ಮಾತು. ಪ್ರವೇಶ ಕೇಳುವಾಗ ಕಟ್ಟಡ, ಫಲಿತಾಂಶ, ಸ್ಮಾರ್ಟ್ ಕ್ಲಾಸ್ ನೋಡುತ್ತೇವೆ. "ಈ ಶಾಲೆಯ ಸಂಘಗಳಲ್ಲಿ ಎಲ್ಲ ಮಕ್ಕಳೂ ಇದ್ದಾರೆಯೇ?" ಎಂದೂ ಕೇಳೋಣ. ತಮ್ಮಂತೆಯೇ ಇರುವವರ ನಡುವೆ ಮಾತ್ರ ಬೆಳೆದ ಮಗು, ತಮ್ಮಂತಿರದವರ ಜೊತೆ ಬಾಳುವುದನ್ನು ಎಲ್ಲಿ ಕಲಿಯಬೇಕು?

ಮುಂದಿನ ಜೂನ್‌ನಲ್ಲಿ ಶಾಲೆಗಳು ತೆರೆಯುವ ಮುನ್ನ ಪ್ರತಿ ಆಡಳಿತ ಮಂಡಳಿ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲಿ: ಶುಲ್ಕ ರಿಯಾಯಿತಿ ಪಡೆದ ಮಕ್ಕಳ ಪಟ್ಟಿ ಮತ್ತು ಸಂಘಗಳ ಸದಸ್ಯರ ಪಟ್ಟಿ. ಮೊದಲ ಪಟ್ಟಿಯ ಹೆಸರುಗಳು ಎರಡನೆಯದರಲ್ಲಿ ಇಲ್ಲದಿದ್ದರೆ, ನಾವು ಅವರಿಗೆ ಸೀಟು ಕೊಟ್ಟಿದ್ದೇವೆ, ಶಾಲೆಯನ್ನು ಇನ್ನೂ ಕೊಟ್ಟಿಲ್ಲ.