ಪಫಿನ್‌ಗೆ ಪಹರೆ, ಹ್ಯಾರಿಯರ್‌ಗೆ ಗುಂಡು

ನಾರ್ಥಂಬರ್‌ಲೆಂಡಿನ ಕಡಲ ಹಕ್ಕಿಗಳ ಚಿತ್ರಗಳನ್ನು ನಾನು ಇಲ್ಲಿ ಹಾಕಿದಾಗಿನಿಂದ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಒಂದೇ ಮಾತನ್ನು ಬಗೆಬಗೆಯಾಗಿ ಬರೆದು ಕಳುಹಿಸುತ್ತಿದ್ದಾರೆ. "ಸಾರ್, ಪಕ್ಷಿಪ್ರೇಮವನ್ನು ಇಂಗ್ಲಿಷರಿಂದ ಕಲಿಯಬೇಕು. ನಮ್ಮವರಿಗೆ ಹಕ್ಕಿ ಕಂಡರೆ ಕಲ್ಲೆಸೆಯುವುದಷ್ಟೇ ಗೊತ್ತು." ನನ್ನ ಭಾವಮೈದುನನಂತೂ ದೂರವಾಣಿಯಲ್ಲಿ ಇದೇ ವಿಷಯವಾಗಿ ಅರ್ಧ ಗಂಟೆ ಉಪನ್ಯಾಸ ಮಾಡಿದ. ಈ ಮಾತಿನ ಅರ್ಧ ಭಾಗವನ್ನು ನಾನು ಒಪ್ಪುತ್ತೇನೆ. ಉಳಿದರ್ಧವನ್ನು ಒಪ್ಪಲಾರೆ. ಏಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮಗಳ ಮನೆ ಮಾರ್ಪೆತ್ ಎಂಬ ಸಣ್ಣ ಊರಿನಲ್ಲಿದೆ. ನಿವೃತ್ತಿಯ ಅನಂತರ ಬೇರೆ ಬೇರೆ ಋತುಗಳಲ್ಲಿ ಅಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿದ್ದೇನೆ. ಪೂರ್ವಕ್ಕೆ ಉತ್ತರ ಸಮುದ್ರ, ಪಶ್ಚಿಮಕ್ಕೆ ಚೆವಿಯಟ್ ಬೆಟ್ಟಗಳು. ನಡುವೆ ಹೊಲ, ಕುರಿ, ಕಲ್ಲಿನ ಗೋಡೆ. ಒಂದೇ ದಿನದಲ್ಲಿ ಕಡಲನ್ನೂ ಬೆಟ್ಟವನ್ನೂ ನೋಡಿ ಊಟದ ಹೊತ್ತಿಗೆ ಮನೆ ಸೇರಬಹುದಾದ ನಾಡು ಅದು.

ಮೊದಲು ಒಪ್ಪುವ ಅರ್ಧ. ಸೀಹೌಸಸ್ ಬಂದರಿನಿಂದ ದೋಣಿ ಹತ್ತಿದರೆ ಫಾರ್ನ್ ದ್ವೀಪಗಳು. ಏಪ್ರಿಲ್‌ನಲ್ಲಿ ಪಫಿನ್‌ಗಳು ಬಂದು ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ, ಜುಲೈ ಕೊನೆಗೆ ಮರಳಿ ಕಡಲಿಗೆ ಹೊರಟುಹೋಗುತ್ತವೆ. 2018ರ ಎಣಿಕೆಯಲ್ಲಿ ಅಲ್ಲಿ ಸುಮಾರು 44,000 ಜೋಡಿಗಳಿದ್ದವು. ಆರ್ಕ್‌ಟಿಕ್ ಟರ್ನ್ ಎಂಬ ಬಿಳಿಯ ಹಕ್ಕಿ ತನ್ನ ಗೂಡಿನ ಬಳಿ ಸುಳಿದವರ ನೆತ್ತಿಗೇ ಕುಕ್ಕುತ್ತದೆ. ಟೋಪಿಯಿಲ್ಲದೆ ಅಲ್ಲಿಗೆ ಹೋಗಬಾರದು. ಇದೇ ದ್ವೀಪದ ಟರ್ನ್ ಒಂದರ ಕಾಲಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ, 2015-16ರ ಒಂದೇ ಯಾನದಲ್ಲಿ ಅದು ಆಫ್ರಿಕಾದ ತುದಿ, ಹಿಂದೂ ಮಹಾಸಾಗರ, ಅಂಟಾರ್ಕ್‌ಟಿಕಾ ಎಲ್ಲವನ್ನೂ ಮುಟ್ಟಿ 96,000 ಕಿಲೋಮೀಟರ್ ಹಾರಿ ಹಿಂದಿರುಗಿತ್ತು. ಬೀಡ್ನೆಲ್ ಕೊಲ್ಲಿಯ ಲಾಂಗ್ ನ್ಯಾನಿಯಲ್ಲಿ ಟರ್ನ್‌ಗಳು ಮರಳಿನಲ್ಲಿ ಮೊಟ್ಟೆಯಿಡುವ ಕಾಲಕ್ಕೆ ಕಾವಲುಗಾರರು ಡೇರೆ ಹಾಕಿಕೊಂಡು ಹಗಲಿರುಳು ಕಾಯುತ್ತಾರೆ. 2022ರಲ್ಲಿ ಹಕ್ಕಿಜ್ವರ ಬಂದಾಗ ಫಾರ್ನ್‌ನ ಇದೇ ಬಗೆಯ ಕಾವಲುಗಾರರು ಸತ್ತ ಹಕ್ಕಿಗಳನ್ನು ಸಾವಿರಗಟ್ಟಲೆ ಹೆಕ್ಕಿದರು. ಯಾತ್ರಿಕರು ದ್ವೀಪದ ಮೇಲೆ ಕಾಲಿಡಲು 2024ರವರೆಗೆ ಕಾಯಬೇಕಾಯಿತು. ಏಳನೆಯ ಶತಮಾನದಲ್ಲಿ ಅಲ್ಲಿ ತಪಸ್ಸಿಗೆ ಕುಳಿತಿದ್ದ ಸಂತ ಕಥ್‌ಬರ್ಟ್ ಈಡರ್ ಬಾತುಗಳನ್ನು ಕೊಲ್ಲಬಾರದೆಂದು ಕಟ್ಟಳೆ ಮಾಡಿದ್ದನೆಂದು ಪ್ರತೀತಿ. ಊರವರು ಆ ಬಾತನ್ನು ಇಂದಿಗೂ 'ಕಡ್ಡಿ'ಯ ಬಾತು ಎನ್ನುತ್ತಾರೆ. (ನಮ್ಮ ಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ, ಕಥ್‌ಬರ್ಟನ ಮುದ್ದು ಹೆಸರು ಅದು.) ಇವೆಲ್ಲಕ್ಕೂ ನಾನು ಕೈಮುಗಿಯುತ್ತೇನೆ.

ಆದರೆ ಅಲ್ಲಿಂದ ಒಂದು ಗಂಟೆ ಪಶ್ಚಿಮಕ್ಕೆ ಬನ್ನಿ. ಮೂರ್ ಎಂದು ಕರೆಯುವ ಎತ್ತರದ ಬಯಲು. ಆಗಸ್ಟ್‌ನಲ್ಲಿ ಹೀದರ್ ಗಿಡ ಹೂಬಿಟ್ಟು ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣವಾಗುತ್ತದೆ. ನೋಡಿದವರು ಇದು ಅನಾದಿ ಕಾಲದ ಕಾಡುಭೂಮಿ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಗ್ರೌಸ್ ಬೇಟೆಯ ಎಸ್ಟೇಟುಗಳಲ್ಲಿ ಈ ನೆಲವನ್ನು ತೇಪೆ ತೇಪೆಯಾಗಿ ಸುಡುತ್ತಾರೆ, ಎಳೆಯ ಚಿಗುರು ಬರಲೆಂದು. ಆ ಚಿಗುರು ಕೆಂಪು ಗ್ರೌಸ್ ಹಕ್ಕಿಯ ಆಹಾರ. ಗ್ರೌಸ್‌ಗೆ ಹೊಟ್ಟೆಹುಳುವಾಗದಿರಲೆಂದು ಔಷಧ ಬೆರೆಸಿದ ಹರಳುಮಣ್ಣನ್ನು ಅಲ್ಲಲ್ಲಿ ಇಡುವುದೂ ಉಂಟು. ಇಷ್ಟೆಲ್ಲ ಉಪಚಾರ ಏತಕ್ಕೆ? ಆಗಸ್ಟ್ 12ರಂದು ಬೇಟೆಯ ಋತು ತೆರೆಯುತ್ತದೆ. ಕೂಲಿಯವರು ಸಾಲಾಗಿ ಬಾವುಟ ಬೀಸುತ್ತಾ ಹಕ್ಕಿಗಳನ್ನು ಎಬ್ಬಿಸುತ್ತಾರೆ. ಎದುರಿಗೆ ಮರೆಗಳಲ್ಲಿ ನಿಂತ ಶ್ರೀಮಂತರು ಅವನ್ನು ಹೊಡೆದು ಕೆಡವುತ್ತಾರೆ. ನಮ್ಮ ಮಹಾರಾಜರ ಕಾಲದ ಹಾಕೆ ಬೇಟೆಯನ್ನು ಕೇಳಿ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ತಿನ್ನುವುದಕ್ಕೆ ಹಕ್ಕಿ ಹೊಡೆಯುವವರ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರು ಹೆನ್ ಹ್ಯಾರಿಯರ್ ಎಂಬ ಇನ್ನೊಂದು ಹಕ್ಕಿಯ ವಿಷಯದಲ್ಲಿ. ಚಳಿಗಾಲದಲ್ಲಿ ನಮ್ಮ ಹೆಸರಘಟ್ಟದ ಹುಲ್ಲುಗಾವಲಿಗೆ ಬರುವ ಹ್ಯಾರಿಯರ್‌ಗಳ ದಾಯಾದಿ ಅದು. ಗಂಡು ಬೂದಿ ಬಣ್ಣ, ರೆಕ್ಕೆಯ ತುದಿ ಮಾತ್ರ ಮಸಿಯಲ್ಲಿ ಅದ್ದಿದಂತೆ. ಏಪ್ರಿಲ್‌ನಲ್ಲಿ ಮೇಲಕ್ಕೇರಿ, ಮಗುಚಿ, ಬಿದ್ದೇಹೋಯಿತೆನ್ನುವಷ್ಟರಲ್ಲಿ ಮತ್ತೆ ಮೇಲೇರುತ್ತದೆ. ತಂದ ಬೇಟೆಯನ್ನು ಗಾಳಿಯಲ್ಲಿಯೇ ಬಿಡುತ್ತದೆ, ಹೆಣ್ಣು ಕೆಳಗಿನಿಂದ ಹಾರಿಬಂದು ಮಗುಚಿಕೊಂಡು ಅದನ್ನು ಹಿಡಿಯುತ್ತದೆ. ಒಮ್ಮೆ ಮಾತ್ರ, ಅದೂ ಬಹಳ ದೂರದಿಂದ, ಇದನ್ನು ಕಂಡಿದ್ದೇನೆ. ಅದು ತಿನ್ನುವುದು ಇಲಿ, ಸಣ್ಣ ಹಕ್ಕಿ, ಜೊತೆಗೆ ಗ್ರೌಸ್ ಮರಿ. ಅದರ ಅಪರಾಧವೆಲ್ಲ ಇಷ್ಟೇ.

1954ರಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಇಂಗ್ಲೆಂಡಿನ ಬೆಟ್ಟಗಳಲ್ಲಿ ಮುನ್ನೂರಕ್ಕೂ ಹೆಚ್ಚು ಜೋಡಿಗಳಿಗೆ ಸ್ಥಳವಿದೆಯೆಂದು ಸರ್ಕಾರದ ಸಲಹೆಗಾರರೇ ಲೆಕ್ಕ ಹಾಕಿದ್ದರು. 2013ರಲ್ಲಿ ಇಡೀ ಇಂಗ್ಲೆಂಡಿನಲ್ಲಿ ಮರಿ ಮಾಡಿದ ಜೋಡಿ ಒಂದೂ ಇರಲಿಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉಪಗ್ರಹ ಯಂತ್ರ ಕಟ್ಟಿದ 58 ಹ್ಯಾರಿಯರ್‌ಗಳ ಗತಿಯನ್ನು ಪರಿಶೀಲಿಸಲಾಯಿತು. ನೂರಕ್ಕೆ 72ರಷ್ಟು ಹಕ್ಕಿಗಳು ಕಾನೂನುಬಾಹಿರವಾಗಿ ಹತವಾದವು ಅಥವಾ ಹಾಗೆ ಹತವಾಗಿರುವ ಸಂಭವವೇ ಬಹಳ ಹೆಚ್ಚು ಎಂಬುದು ಅದರ ನಿರ್ಣಯ. ಗ್ರೌಸ್ ಮೂರ್‌ಗಳ ಮೇಲೆ ಅಪಾಯ ಹೆಚ್ಚೆಂಬುದೂ ಅದರಲ್ಲಿತ್ತು. ಅನಂತರದ ವರ್ಷಗಳಲ್ಲಿ ಗೂಡುಗಳ ಸಂಖ್ಯೆ ಏರಿತೆಂಬುದು ನಿಜ, ಅದನ್ನು ಮರೆಮಾಚಲಾರೆ. ಆದರೆ ಅದಕ್ಕೆಂದು ಹೂಡಿದ ಉಪಾಯಗಳಲ್ಲೊಂದನ್ನು ನೋಡಿ: 2018ರಲ್ಲಿ ಅನುಮತಿ ಪಡೆದು ಕೆಲವು ವರ್ಷ ನಡೆದ ಪ್ರಯೋಗದಲ್ಲಿ, ಮೂರ್‌ನ ಗೂಡಿನಿಂದ ಹ್ಯಾರಿಯರ್ ಮರಿಗಳನ್ನು ಎತ್ತಿ ಬೇರೆಡೆ ಸಾಕಿ ಬಿಡುತ್ತಿದ್ದರು. ಮನೆಗೆ ಕಳ್ಳ ನುಗ್ಗುತ್ತಾನೆಂದು ಮನೆಯವರನ್ನೇ ಬೇರೆ ಊರಿಗೆ ಕಳಿಸಿದ ಹಾಗೆ!

ಎದುರು ಪಕ್ಷದ ವಾದವನ್ನೂ ನಾನು ಕೇಳಿದ್ದೇನೆ, ಅದು ಟೊಳ್ಳಲ್ಲ. ಮಾರ್ಚ್ ತಿಂಗಳಲ್ಲೊಂದು ದಿನ ಮೂರ್‌ನ ಬೇಲಿಯ ಬಳಿ ಎಸ್ಟೇಟಿನ ಕಾವಲುಗಾರರೊಬ್ಬರು ಸಿಕ್ಕಿದ್ದರು. ಮೇಲೆ ಕರ್ಲ್ಯೂ ಹಕ್ಕಿಯ ಆ ದೀರ್ಘವಾದ, ಗುಳುಗುಳು ಎನ್ನುವ ಕೂಗು. "ಕೇಳಿಸುತ್ತಿದೆಯಲ್ಲ? ನರಿ, ಕಾಗೆಗಳನ್ನು ನಾವು ಹೊಡೆಯದೆ ಇದ್ದರೆ ನಿಮಗೆ ಇದು ಕೇಳಿಸುತ್ತಿರಲಿಲ್ಲ" ಎಂದರು. ಸುಳ್ಳಲ್ಲ. ಇದೇ ಜಿಲ್ಲೆಯ ಆಟರ್‌ಬರ್ನ್‌ನಲ್ಲಿ 2000ದಿಂದ 2008ರವರೆಗೆ ನಡೆದ ಪ್ರಯೋಗದಲ್ಲಿ ನರಿ, ಕಾಗೆ ಮುಂತಾದವನ್ನು ನಿಯಂತ್ರಿಸಿದ ಕಡೆ ಕರ್ಲ್ಯೂ, ಟಿಟ್ಟಿಭದ ಜಾತಿಯ ಲ್ಯಾಪ್‌ವಿಂಗ್ ಮೊದಲಾದವುಗಳ ಸಂತಾನಸಾಫಲ್ಯ ಸರಾಸರಿ ಮೂರು ಪಟ್ಟಾಯಿತು. ಕರ್ಲ್ಯೂ 2015ರಿಂದ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿದೆ. ನಾರ್ಥಂಬರ್‌ಲೆಂಡ್ ರಾಷ್ಟ್ರೀಯ ಉದ್ಯಾನದ ಲಾಂಛನವೂ ಅದೇ. ಗಡಿಯಾಚೆ ಸ್ಕಾಟ್ಲೆಂಡಿನ ಲ್ಯಾಂಗ್‌ಹೋಮ್‌ನಲ್ಲಿ 1990ರ ದಶಕದಲ್ಲಿ ಹ್ಯಾರಿಯರ್‌ಗಳನ್ನು ಅವುಗಳ ಪಾಡಿಗೆ ಬಿಟ್ಟಾಗ ಅವು ಹೆಚ್ಚಿ, ಗ್ರೌಸ್ ಕಡಿಮೆಯಾಗಿ, ಬೇಟೆಯೇ ನಿಂತುಹೋದದ್ದೂ ನಿಜ.

ಇದೆಲ್ಲವನ್ನೂ ಒಪ್ಪಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ನರಿಯನ್ನು ಹೊಡೆಯಲು ಕಾನೂನು ಬಿಡುತ್ತದೆ, ಹ್ಯಾರಿಯರನ್ನು ಹೊಡೆಯಲು ಬಿಡುವುದಿಲ್ಲ. ಕರ್ಲ್ಯೂವಿನ ಹೆಸರು ಹೇಳಿ ಹ್ಯಾರಿಯರ್ ಕೊಲೆಗೆ ಕ್ಷಮೆ ಕೇಳುವುದು, ಸಂತೆಯಲ್ಲಿ ದಾನ ಮಾಡಿದ್ದೇನೆಂದು ತೆರಿಗೆ ಕಟ್ಟದೆ ಇರುವವನ ನ್ಯಾಯ. ಲಾಭ ಕಡಿಮೆಯಾಯಿತೆಂಬುದು ಅಪರಾಧಕ್ಕೆ ಸಮಾಧಾನವಾದರೆ ಯಾವ ಕಾನೂನು ನಿಂತೀತು? ಎಲ್ಲ ಕಾವಲುಗಾರರೂ ಕೊಲೆಗಡುಕರೆಂದು ನಾನು ಹೇಳುತ್ತಿಲ್ಲ. ಆದರೆ ಸಾಕ್ಷಿಯಿಲ್ಲದ ಗುಡ್ಡದ ಮೇಲೆ ರಾತ್ರಿ ನಡೆಯುವ ಕೃತ್ಯಕ್ಕೆ ವ್ಯಕ್ತಿಯನ್ನು ಹಿಡಿಯುವುದು ದುಸ್ಸಾಧ್ಯ. ಆದ್ದರಿಂದ ಎಸ್ಟೇಟನ್ನೇ ಹೊಣೆ ಮಾಡಬೇಕು. ಸ್ಕಾಟ್ಲೆಂಡ್ 2024ರ ಕಾನೂನಿನಲ್ಲಿ ಗ್ರೌಸ್ ಬೇಟೆಗೆ ಪರವಾನಗಿ ಬೇಕೆಂದು ಮಾಡಿತು. ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದ ಮನವಿಯ ಮೇಲೆ 2025ರ ಜೂನ್‌ನಲ್ಲಿ ಚರ್ಚೆ ನಡೆದಾಗ, ನಿಷೇಧಿಸುವ ಯೋಚನೆಯಿಲ್ಲವೆಂದು ಸರ್ಕಾರ ಕೈತೊಳೆದುಕೊಂಡಿತು. ನಿಷೇಧ ಬೇಡವಾದರೆ ಬೇಡ. ಪರವಾನಗಿಯಾದರೂ ಇರಲಿ.

ಆದ್ದರಿಂದ 'ಅವರಿಂದ ಕಲಿಯಬೇಕು' ಎನ್ನುವವರಿಗೆ ನನ್ನ ಉತ್ತರ: ಯಾರಿಂದ? ಲಾಂಗ್ ನ್ಯಾನಿಯ ಡೇರೆಯಲ್ಲಿ ಚಳಿಗೆ ನಡುಗುವ ಹುಡುಗಿಯಿಂದಲೋ, ಗ್ರೌಸ್‌ಗಾಗಿ ಆಕಾಶವನ್ನೇ ಖಾಲಿ ಮಾಡಿಸುವ ಒಡೆಯನಿಂದಲೋ? ಎರಡನೆಯವನ ಪಾಠವನ್ನು ನಾವು ಒಮ್ಮೆ ಕಲಿತಿದ್ದೇವೆ. ಕಂಪನಿ ಸರ್ಕಾರವೂ ಅನಂತರದ ಸರ್ಕಾರವೂ ಹುಲಿ, ಚಿರತೆ, ತೋಳಗಳ ತಲೆಗೆ ಇನಾಮು ಕೊಟ್ಟು ಕೊಲ್ಲಿಸಿದವು. 'ವರ್ಮಿನ್' ಎಂಬ ಆ ಶಬ್ದ 1972ರ ನಮ್ಮ ವನ್ಯಜೀವಿ ಕಾಯಿದೆಯ ಅನುಸೂಚಿಯಲ್ಲಿಯೂ ಬಂದು ಕುಳಿತಿತ್ತು. 2022ರ ತಿದ್ದುಪಡಿಯಲ್ಲಷ್ಟೇ ಆ ಅನುಸೂಚಿ ಹೋಯಿತು. ಇನ್ನು ನಮ್ಮವರಿಗೆ ಕಲ್ಲೆಸೆಯುವುದಷ್ಟೇ ಗೊತ್ತೆಂಬ ಮಾತು. ಕೊಕ್ಕರೆ ಬೆಳ್ಳೂರಿನ ರೈತರು ತಮ್ಮ ಮನೆಯಂಗಳದ ಹುಣಸೆಮರಗಳಲ್ಲಿ ಗೂಡು ಕಟ್ಟಿದ ಕೊಕ್ಕರೆ, ಹೆಜ್ಜಾರ್ಲೆಗಳನ್ನು ತಲೆಮಾರುಗಳಿಂದ ಸಹಿಸಿಕೊಂಡು ಬಂದದ್ದು ಯಾವ ಇಂಗ್ಲಿಷ್ ಪುಸ್ತಕ ಓದಿ?

ಚಳಿಗಾಲದಲ್ಲಿ ಲಿಂಡಿಸ್‌ಫಾರ್ನ್‌ನ ಕೆಸರುಬಯಲಿಗೆ ಸ್ವಾಲ್‌ಬಾರ್ಡ್‌ನಿಂದ ಬ್ರೆಂಟ್ ಹೆಬ್ಬಾತುಗಳು ಬರುತ್ತವೆ. ಅದು ರಾಷ್ಟ್ರೀಯ ನಿಸರ್ಗಧಾಮ. ಅಲ್ಲಿಯೂ ಪರವಾನಗಿ ಪಡೆದವರು ಕೆಲವು ಜಾತಿಯ ಬಾತುಗಳನ್ನು ಹೊಡೆಯಬಹುದು, ಬ್ರೆಂಟನ್ನು ಮಾತ್ರ ಮುಟ್ಟುವಂತಿಲ್ಲ. ನೋಡಿ, ಪರವಾನಗಿಯ ವ್ಯವಸ್ಥೆ ಅವರಿಗೆ ಹೊಸದೇನಲ್ಲ.

ನಿಮ್ಮಲ್ಲಿ ಹಲವರು ಆ ದೇಶದಲ್ಲಿ ನೆಲೆಸಿದ್ದೀರಿ. ಭಾರತದ ಪೌರರಾಗಿಯೇ ಇದ್ದರೂ ಕಾಮನ್‌ವೆಲ್ತ್ ದೇಶದವರೆಂಬ ಕಾರಣದಿಂದ ಅಲ್ಲಿ ನಿಮಗೆ ಮತದಾನದ ಹಕ್ಕಿದೆ. ಎಷ್ಟೋ ಮಂದಿಗೆ ಇದು ತಿಳಿದೇ ಇಲ್ಲ. ಆದ್ದರಿಂದ ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆಯಿರಿ. ಒಂದು ಪುಟ ಮೀರದಿರಲಿ. ಒಂಬತ್ತನೆಯ ತರಗತಿಯಲ್ಲಿ ಹೇಳಿಕೊಟ್ಟಂತೆ ವಿಷಯವನ್ನು ಮೊದಲ ಸಾಲಿನಲ್ಲಿಯೇ ನಮೂದಿಸಿ. ಉತ್ತರ ಬಂದರೆ ನನಗೊಂದು ಪ್ರತಿ ಕಳುಹಿಸಿ.