ಮನೆಯ ನೆಟ್‌ನಲ್ಲಿ ಮೊದಲ ಪಾಲು ಯಾರದ್ದು?



ಮನೆಗೆ ಒಂದೇ ಕನೆಕ್ಷನ್, ಅದೂ ನಿಧಾನ. ಟಿವಿಯಲ್ಲಿ ಸಿನಿಮಾ, ಫೋನಿನಲ್ಲಿ ರೀಲ್ಸ್, ಮೂಲೆಯಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸು. ನಿಂತು ನಿಂತು ಬರೋದು ಯಾವಾಗ್ಲೂ ಕ್ಲಾಸೇ. ನಮ್ಮ ಎಷ್ಟೋ ಮನೆಗಳ ಪಾಡು ಇದು. ನೆಟ್ ಕಡಿಮೆ ಇದೆ ಅನ್ನೋದು ನಿಜ. ಆದ್ರೆ ಇರುವಷ್ಟನ್ನ ಹಂಚ್ತಿರೋರು ಯಾರು?

ಹಂಚ್ತಿರೋದು 'ಆಟೋ'. ವಿಡಿಯೋ ಕ್ವಾಲಿಟಿಯನ್ನ ಆಟೋದಲ್ಲಿ ಬಿಟ್ಟರೆ ಆ್ಯಪ್ ತನಗೆ ಸಿಗೋ ವೇಗ ನೋಡಿ ಆದಷ್ಟೂ ಎಳ್ಕೊಳ್ಳುತ್ತೆ. ದೊಡ್ಡ ಟಿವಿ ದೊಡ್ಡ ಪಾಲು ಕೇಳುತ್ತೆ. ಪಕ್ಕದಲ್ಲಿ ಪರೀಕ್ಷೆಗೆ ಓದೋ ಮಗು ಇದೆ ಅಂತ ಅದಕ್ಕೇನು ಗೊತ್ತು? ನಲ್ಲಿಗೆ ಮೋಟಾರ್ ಹಾಕಿದವರ ಮನೆಗೇ ನೀರು ಹೋದ ಹಾಗೆ. ನಿಯಮ ಇಲ್ಲದ ಕಡೆ ಬಲ ಇದ್ದವರದ್ದೇ ನಿಯಮ. ಇದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೆಟ್‌ಫ್ಲಿಕ್ಸ್ ಕೊಡೋ ಲೆಕ್ಕದಲ್ಲೇ ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ ಬೇಕು, ಮೀಡಿಯಂಗೆ ಸುಮಾರು 0.7 ಜಿಬಿ ಸಾಕು. ಕಥೆ ಎರಡರಲ್ಲೂ ಅದೇ. 2020ರ ಲಾಕ್‌ಡೌನಿನಲ್ಲಿ ದೇಶದ ನೆಟ್ ಮೇಲೆ ಹೊರೆ ಬಿದ್ದಾಗ ದೊಡ್ಡ ಕಂಪನಿಗಳೇ ಮೊಬೈಲ್‌ನಲ್ಲಿ ಎಚ್‌ಡಿ ನಿಲ್ಲಿಸಿ 480ಪಿಗೆ ಇಳಿದವು. ದೇಶಕ್ಕೆ ಆಗಿದ್ದು ಮನೆಗೆ ಆಗಲ್ವಾ?

ನಮ್ಮ ಮನೇಲಿ ಮಾಡ್ಕೊಂಡಿರೋ ನಿಯಮ ಇಷ್ಟೇ:

- ಕ್ಲಾಸಿನ ಹೊತ್ತಲ್ಲಿ ಮೊದಲ ಪಾಲು ಕ್ಲಾಸಿಗೆ. ಬೋರ್ಡ್ ಮೇಲಿನ ಅಕ್ಷರ ಕಾಣದಿದ್ರೆ ಮಗಳು 720ಪಿಗೆ ಏರಿಸ್ಕೊಳ್ತಾಳೆ.
- ಆಗ ಟಿವಿ 480ಪಿ ದಾಟಬಾರದು, ಫೋನುಗಳು 360ಪಿ. ಆಟೋಪ್ಲೇ ಬಂದ್.
- ಆನ್‌ಲೈನ್ ಮೀಟಿಂಗ್ ಇದ್ದಾಗ ಫೋನಿನ ಫೋಟೋ ಬ್ಯಾಕಪ್ ನಿಲ್ಲಿಸೋದು. ಅದು ಸದ್ದಿಲ್ಲದೆ ಲೈನ್ ತಿನ್ನುತ್ತೆ.
- ರೆಕಾರ್ಡೆಡ್ ಪಾಠಗಳನ್ನ ಬೆಳಗಿನ ಜಾವವೇ ಡೌನ್‌ಲೋಡ್ ಮಾಡಿಡೋದು.

ಈ ನಿಯಮ ಅಪ್ಪನಿಗೂ ಒಂದೇ, ಗಂಡುಮಕ್ಕಳಿಗೂ ಒಂದೇ. ಮ್ಯಾಚ್ ಇದ್ರೂ ಅಷ್ಟೇ.

ಹಾಗಂತ ಎಲ್ಲ ಭಾರ ಮನೆಯವರ ಮೇಲೇ ಹಾಕೋಕಾಗಲ್ಲ. 2023ರವರೆಗೆ 512 ಕೆಬಿಪಿಎಸ್ ಕೊಟ್ರೂ ಸರ್ಕಾರದ ಕಾಗದದಲ್ಲಿ ಅದು 'ಬ್ರಾಡ್‌ಬ್ಯಾಂಡ್'. ಈಗ ಕನಿಷ್ಠ 2 ಎಂಬಿಪಿಎಸ್. 720ಪಿಗೆ 3 ಬೇಕು ಅಂತ ನೆಟ್‌ಫ್ಲಿಕ್ಸೇ ಹೇಳುತ್ತೆ. ಅಂದ್ರೆ ಆ ಕನಿಷ್ಠದಲ್ಲಿ ಒಂದು ಮಗುವಿಗೂ ಅಷ್ಟು ಸ್ಪಷ್ಟ ವಿಡಿಯೋ ಸಿಗೋದು ಕಷ್ಟ. ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗ ಅಂತ ಕೇರಳ ಹೈಕೋರ್ಟ್ 2019ರಲ್ಲೇ ಫಹೀಮಾ ಶಿರಿನ್ ಪ್ರಕರಣದಲ್ಲಿ ಹೇಳಿದೆ. ಇಡೀ ಹಾಸ್ಟೆಲಿಗೆ ಒಂದೇ ವೈಫೈ ಕೊಟ್ಟು ಕೈ ತೊಳ್ಕೊಳ್ಳೋರಿಗೆ ಇದನ್ನ ನೆನಪಿಸಬೇಕು.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಮೂರು ಗಂಟೆ ಎಚ್‌ಡಿ ಲೈವ್ ಮಾಡಿದ್ರೆ ಸಾಲದು. ಅದರ ಆಡಿಯೋ, ಒಂದು ಪುಟದ ಟಿಪ್ಪಣಿ ಗ್ರೂಪಿಗೆ ಹಾಕಿ. 2ಜಿ ಸಿಗ್ನಲ್‌ನಲ್ಲಿ ಕೂತಿರೋ ನಮ್ಮ ಹುಡುಗಿಗೂ ಬಾಬಾಸಾಹೇಬರ ವಿಚಾರ ತಲುಪಬೇಕು.

ನಿಮ್ಮ ಮನೆಯ ನಿಯಮ ಏನು, ಕಾಮೆಂಟಿನಲ್ಲಿ ಬರೀರಿ.